92 ಪರ್ಸೆಂಟ್ ಆಗಿದೆಯಲ್ಲ ಮೇಡಂ, ಇನ್ನೆಷ್ಟು ಹೊತ್ತು?

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ನಾನು ಅನುವಾದ ಮಾಡಿಕೊಡುವ ಏಜೆನ್ಸಿಯ ಪ್ರಾಜೆಕ್ಟ್ ಮ್ಯಾನೇಜರ್ ಫೋನ್ ಮಾಡಿದರು. ಇನ್ನೂ ಚಿಕ್ಕ ವಯಸ್ಸಿನ ಹುಡುಗ, ಮಾತು ಬಹಳ ಮರ್ಯಾದೆ. "ಮೇಡಂ, ಸ್ಕ್ರೀನಲ್ಲಿ 92 ಪರ್ಸೆಂಟ್ ತೋರಿಸ್ತಿದೆ. ಇನ್ನರ್ಧ ಗಂಟೆ ಸಾಕಲ್ವಾ?" ಸಾಕಾಗಲ್ಲ, ನಾಳೆ ಮಧ್ಯಾಹ್ನ ಆಗುತ್ತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಸಾಯಂಕಾಲ ಏಳಕ್ಕೇ 90 ಇತ್ತಲ್ಲ ಮೇಡಂ" ಅಂದರು.

ಅವರು ಕಂಡದ್ದನ್ನೇ ಕೇಳಿದರು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡೂವರೆ ಗಂಟೆ ಕತ್ತು ನೋಯುವಷ್ಟು ಕೂತು ಮಾಡಿದ ಕೆಲಸ ಅವರ ಕಣ್ಣಿಗೆ ಬರೀ 2 ಪರ್ಸೆಂಟ್ ಆಗಿ ಕಂಡಿತ್ತು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅನುವಾದದ ಸಾಫ್ಟ್‌ವೇರಿಗೆ ಒಂದು ಫೈಲ್ ಕೊಟ್ಟರೆ ಅದು ಫುಲ್‌ಸ್ಟಾಪ್ ಬಂದಲ್ಲೆಲ್ಲ, ಸಾಲು ಮುಗಿದಲ್ಲೆಲ್ಲ ತುಂಡು ಮಾಡುತ್ತದೆ. ಒಂದೊಂದು ತುಂಡಿಗೂ ಸೆಗ್ಮೆಂಟ್ ಅಂತ ಹೆಸರು. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಜಾಗ. ನಾವು ಕನ್ನಡ ತುಂಬಿ ಕನ್‌ಫರ್ಮ್ ಕೊಟ್ಟರೆ ಆ ಸೆಗ್ಮೆಂಟ್ ಮುಗಿದ ಲೆಕ್ಕ. ನಾನು ಆವತ್ತು ಬಳಸುತ್ತಿದ್ದ ಟೂಲ್ ಹೀಗೆ ಮುಗಿದ ಸೆಗ್ಮೆಂಟ್ ಎಷ್ಟು ಅಂತ ಎಣಿಸಿ ಪರ್ಸೆಂಟ್ ತೋರಿಸುತ್ತದೆ, ಅದಕ್ಕೆ ತಕ್ಕಷ್ಟು ತುಂಬುವ ಒಂದು ಪಟ್ಟಿಯೂ ಜೊತೆಗಿರುತ್ತದೆ. ಅಷ್ಟೇ.

ಆ ಫೈಲಿನಲ್ಲಿ 412 ಸೆಗ್ಮೆಂಟ್ ಇದ್ದವು. 380 ಮುಗಿಸಿದ್ದೆ. ಅದಕ್ಕೆ 92. ಆದರೆ ಪದಗಳ ಲೆಕ್ಕ ತೆಗೆದರೆ ಬೇರೆಯೇ ಕಥೆ. ಒಟ್ಟು 4,100 ಪದಗಳಲ್ಲಿ ಉಳಿದ 32 ಸೆಗ್ಮೆಂಟಿನಲ್ಲೇ 1,280 ಪದಗಳು ಕೂತಿದ್ದವು. ಅಂದರೆ ಪದದ ಲೆಕ್ಕದಲ್ಲಿ ಮುಗಿದಿದ್ದು 69 ಪರ್ಸೆಂಟ್ ಮಾತ್ರ. ಒಂದೇ ಫೈಲ್, ಒಂದೇ ಹೊತ್ತು, ಎರಡು ಲೆಕ್ಕ. ಅವರ ಸ್ಕ್ರೀನಿನಲ್ಲಿ ಕಾಣುವುದು ಮೊದಲನೆಯದು ಮಾತ್ರ.

ಅದು ಔಷಧಿ ಪ್ರಯೋಗಕ್ಕೆ ಸೇರುವವರಿಗೆ ಕೊಡುವ ಒಪ್ಪಿಗೆ ಪತ್ರ. ನಮ್ಮ ಬಾಯಲ್ಲಿ ಐಸಿಎಫ್, ಅಂದರೆ ಇನ್ಫಾರ್ಮ್ಡ್ ಕನ್ಸೆಂಟ್ ಫಾರ್ಮ್. ಇಂಥ ಪತ್ರದಲ್ಲಿ ಹೆಸರು, ವಯಸ್ಸು, ದಿನಾಂಕ, ಸಹಿ, ಸಾಕ್ಷಿಯ ಸಹಿ ಅಂತ ಸಣ್ಣ ಸಣ್ಣ ಸೆಗ್ಮೆಂಟ್ ರಾಶಿ ಇರುತ್ತವೆ. ಅವು ಐದೈದು ಸೆಕೆಂಡಿನಲ್ಲಿ ಮುಗಿಯುತ್ತವೆ. ನಡುವೆ ಒಂದು ಸಾಲು ಬರುತ್ತದೆ: ನಿಮಗೆ ನಿಜವಾದ ಔಷಧಿ ಸಿಗಬಹುದು ಅಥವಾ ಪ್ಲಾಸಿಬೊ ಸಿಗಬಹುದು, ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ, ನಾಣ್ಯ ಚಿಮ್ಮಿದ ಹಾಗೆ ಅದು ತೀರ್ಮಾನವಾಗುತ್ತದೆ.

ಪ್ಲಾಸಿಬೊ ಅಂತ ಕನ್ನಡ ಅಕ್ಷರದಲ್ಲಿ ಬರೆದು ಮುಂದೆ ಹೋಗಬಹುದು. ಸೆಗ್ಮೆಂಟ್ ಮುಗಿಯುತ್ತದೆ, ಪಟ್ಟಿ ಮುಂದೆ ಸರಿಯುತ್ತದೆ. ಆದರೆ ಇದನ್ನು ಓದುವವರು ಯಾರು? ಕಾಯಿಲೆ ಬಿದ್ದು, ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಮಗನ ಜೊತೆ ಕೂತಿರುವ ಯಾರದೋ ತಾಯಿ. "ಸುಳ್ಳು ಔಷಧಿ" ಅಂತ ಬರೆದರೆ ಹೆದರಿ ಎದ್ದು ಹೋಗುತ್ತಾರೆ, ಅದು ಸರಿಯಾದ ಅರ್ಥವೂ ಅಲ್ಲ. ಕೊನೆಗೆ "ನೋಡಲು ಔಷಧಿಯ ಹಾಗೇ ಇರುವ, ಆದರೆ ಔಷಧಿಯ ಅಂಶ ಇಲ್ಲದ ಗುಳಿಗೆ" ಅಂತ ಬರೆದೆ. ಅದಕ್ಕೆ ತಕ್ಕ ಹಾಗೆ ಉಳಿದ ವಾಕ್ಯವನ್ನು ಮೂರು ವಾಕ್ಯ ಮಾಡಿದೆ. ಜೋರಾಗಿ ಓದಿ ನೋಡಿದೆ. ನಲವತ್ತು ನಿಮಿಷ ಹಿಡಿಯಿತು. "ದಿನಾಂಕ" ಅಂತ ಬರೆದಾಗ ಪಟ್ಟಿ ಎಷ್ಟು ಸರಿದಿತ್ತೋ ಈಗಲೂ ಅಷ್ಟೇ ಸರಿಯಿತು.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಒಂದೇ ಇಂಗ್ಲಿಷ್ ಸೆಗ್ಮೆಂಟ್ ಹತ್ತು ಕಡೆ ಬಂದರೆ, ಒಂದು ಸಲ ಅನುವಾದ ಮಾಡಿದರೆ ಸಾಕು, ಉಳಿದ ಒಂಬತ್ತು ಕಡೆ ಸಾಫ್ಟ್‌ವೇರ್ ತಾನೇ ತುಂಬುತ್ತದೆ. ದೊಡ್ಡ ಉಪಕಾರವೇ, ಇಲ್ಲ ಅನ್ನಲ್ಲ. ಆದರೆ ಪ್ರಶ್ನಾವಳಿಯಲ್ಲಿ "ನೋ" ಅಂತ ಇಪ್ಪತ್ತಾರು ಕಡೆ ಬಂದರೆ ಏನು ಮಾಡೋಣ? ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇಲ್ಲವಲ್ಲ. ನಿಮಗೆ ಎದೆ ನೋವು ಇದೆಯಾ? ಇಲ್ಲ. ಈ ಮಗುವಿನ ತಾಯಿ ನೀವೇನಾ? ಅಲ್ಲ. ಇದರ ಇನ್ನೊಂದು ಪ್ರತಿ ಬೇಕಾ? ಬೇಡ. ಮೊದಲನೆಯದಕ್ಕೆ "ಇಲ್ಲ" ಅಂತ ಹಾಕಿದ ಕೂಡಲೇ ಇಪ್ಪತ್ತಾರೂ ತುಂಬಿ ಪಟ್ಟಿ ಒಂದೇ ಸಲ ಜಿಗಿಯುತ್ತದೆ. ಆಮೇಲೆ ನಾನು ಒಂದೊಂದನ್ನೂ ಹುಡುಕಿ, ಪ್ರಶ್ನೆ ಓದಿ, ಸರಿ ಮಾಡಿಕೊಂಡು ಬರುವಾಗ ಪಟ್ಟಿ ಅಲುಗಾಡುವುದೇ ಇಲ್ಲ. ಕೆಲಸ ಆಗದಿದ್ದಾಗ ಓಡುತ್ತದೆ, ಆಗುವಾಗ ನಿಂತಿರುತ್ತದೆ.

ಎಲ್ಲ ಸಾಫ್ಟ್‌ವೇರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಒಮೆಗಾಟಿ ಅಂತ ಉಚಿತವಾಗಿ ಸಿಗುವ ಒಂದು ಟೂಲ್ ಇದೆ. ನನ್ನ ಸ್ವಂತ ಕೆಲಸಕ್ಕೆ ಅದನ್ನೇ ಬಳಸುತ್ತೇನೆ. ಅದರ ಕೆಳಗಿನ ಮೂಲೆಯಲ್ಲಿ ಮೂರು ಲೆಕ್ಕ ಕಾಣುತ್ತವೆ: ಈಗ ತೆರೆದಿರುವ ಫೈಲಿನಲ್ಲಿ ಎಷ್ಟು ಆಗಿದೆ, ಇಡೀ ಪ್ರಾಜೆಕ್ಟಿನಲ್ಲಿ ಮತ್ತೆ ಮತ್ತೆ ಬರುವುದನ್ನು ಒಂದೇ ಸಲ ಎಣಿಸಿದರೆ ಎಷ್ಟು ಆಗಿದೆ, ಎಲ್ಲವನ್ನೂ ಎಣಿಸಿದರೆ ಒಟ್ಟು ಎಷ್ಟು. ಮೆನುವಿನಲ್ಲಿ ಅಂಕಿಅಂಶ ತೆರೆದರೆ ಉಳಿದ ಪದಗಳು, ಉಳಿದ ಅಕ್ಷರಗಳು ಕೂಡ ಸಿಗುತ್ತವೆ. ಮೇಲೆ ಹೇಳಿದ "ನೋ" ತರಹದ ಜಾಗದಲ್ಲಿ ಅದೊಂದಕ್ಕೆ ಮಾತ್ರ ಬೇರೆ ಅನುವಾದ ಕೊಡುವ ಸೌಲಭ್ಯವೂ ಇದೆ.

ಗ್ನೂ ಗೆಟ್‌ಟೆಕ್ಸ್ಟ್‌ನ ಲೆಕ್ಕ ನನಗೆ ಇನ್ನೂ ಇಷ್ಟ. ಅದು ಪ್ರೋಗ್ರಾಮುಗಳ ಸ್ಕ್ರೀನಿನಲ್ಲಿ ಕಾಣುವ ಮಾತುಗಳನ್ನು ಅನುವಾದ ಮಾಡಲು ಬಳಸುವ ಉಚಿತ ಟೂಲುಗಳ ಗುಂಪು. ಲಿನಕ್ಸ್ ಪ್ರೋಗ್ರಾಮುಗಳನ್ನು ಕನ್ನಡಕ್ಕೆ ತಂದವರಿಗೆ ಅದರ ಪಿಒ ಫೈಲ್, ಅಂದರೆ ಮೂಲ ಮತ್ತು ಅನುವಾದ ಜೋಡಿಯಾಗಿ ಇರುವ ಫೈಲ್, ಗೊತ್ತೇ ಇರುತ್ತದೆ. ಅಲ್ಲಿ ಎಂಎಸ್‌ಜಿಎಫ್‌ಎಂಟಿ ಕಮಾಂಡಿಗೆ ಅಂಕಿಅಂಶ ಕೊಡು ಅಂದರೆ ಮೂರು ಸಂಖ್ಯೆ ಕೊಡುತ್ತದೆ. ಆಗಿರುವುದು, ಫಜ್ಜಿ, ಆಗದೇ ಇರುವುದು. ಫಜ್ಜಿ ಅಂದರೆ ಅನುವಾದ ಏನೋ ಇದೆ, ಆದರೆ ಮನುಷ್ಯರೊಬ್ಬರು ಇನ್ನೊಮ್ಮೆ ನೋಡಬೇಕು ಅಂತ. ಮೂಲ ವಾಕ್ಯ ಸ್ವಲ್ಪ ಬದಲಾದರೆ ಹಳೆಯ ಅನುವಾದಕ್ಕೆ ಈ ಗುರುತು ಬೀಳುತ್ತದೆ. ಯಾರಾದರೂ ನೋಡಿ ಆ ಗುರುತು ತೆಗೆಯುವ ತನಕ, ಬೇಕು ಅಂತಲೇ ಸೇರಿಸದಿದ್ದರೆ, ಅದು ಪ್ರೋಗ್ರಾಮಿನೊಳಗೆ ಹೋಗುವುದೇ ಇಲ್ಲ. ಅಲ್ಲಿ ಇಂಗ್ಲಿಷೇ ಕಾಣುತ್ತದೆ. "ಇದೆ, ಆದರೆ ನಂಬಬೇಡಿ" ಅಂತ ಹೇಳುವುದಕ್ಕೆ ಒಂದು ಜಾಗ ಇಟ್ಟಿದ್ದಾರಲ್ಲ, ಅದು ಅನುವಾದದ ಕಷ್ಟ ಗೊತ್ತಿದ್ದವರು ಮಾಡಿದ ಕೆಲಸ.

ಟೂಲುಗಳ ನಡುವೆ ಓಡಾಡುವ ಎಕ್ಸ್‌ಲಿಫ್ ಫೈಲಿನಲ್ಲೂ ಇದಕ್ಕೆ ಜಾಗ ಇದೆ. 2014ರಲ್ಲಿ ಬಂದ 2.0 ಆವೃತ್ತಿಯಲ್ಲಿ ಒಂದು ಸೆಗ್ಮೆಂಟಿಗೆ ನಾಲ್ಕು ಹಂತ ಹೇಳಿದ್ದಾರೆ: ಶುರುವಿನ ಸ್ಥಿತಿ, ಅನುವಾದ ಆಗಿದೆ, ಪರಿಶೀಲನೆ ಆಗಿದೆ, ಅಂತಿಮ. ಫೈಲಿನೊಳಗೆ ನಾಲ್ಕು ಹಂತಕ್ಕೆ ಜಾಗ ಇರುವಾಗ ಮ್ಯಾನೇಜರಿನ ಸ್ಕ್ರೀನಿಗೆ ಒಂದೇ ಸಂಖ್ಯೆ ಯಾಕೆ ಹೋಗಬೇಕು? ಈಗಂತೂ ಎಷ್ಟೋ ಫೈಲುಗಳು ಮೆಷಿನ್ ಅನುವಾದ ತುಂಬಿಕೊಂಡೇ ನಮ್ಮ ಕೈಗೆ ಬರುತ್ತವೆ. ಅದನ್ನೂ ಆಗಿರುವುದಕ್ಕೇ ಸೇರಿಸಿಬಿಟ್ಟರೆ ನಾವು ಕೂರುವ ಮುಂಚೆಯೇ ಪಟ್ಟಿ ತುಂಬಿರುತ್ತದೆ.

ಪದದ ಲೆಕ್ಕವೂ ಪೂರ್ತಿ ಸರಿ ಅಂತ ನಾನು ಅನ್ನುವುದಿಲ್ಲ. ಹಳೆಯ ಅನುವಾದದ ಜೊತೆ ಹೋಲಿಸಿ ಇದು ಎಷ್ಟು ಪರ್ಸೆಂಟ್ ಹೋಲುತ್ತದೆ ಅಂತ ಟೂಲ್ ಹೇಳುತ್ತದೆ, ಅದರ ಮೇಲೆ ನಮ್ಮ ರೇಟು ಕಡಿಮೆಯಾಗುತ್ತದೆ. ಆ ಹೋಲಿಕೆ ಇಂಗ್ಲಿಷ್ ಇಂಗ್ಲಿಷಿನ ನಡುವೆ. ಗುಳಿಗೆಯನ್ನು ಊಟಕ್ಕೆ ಮುಂಚೆ ತಗೊಳ್ಳಿ ಅನ್ನುವ ವಾಕ್ಯದಲ್ಲಿ ಇಂಗ್ಲಿಷಿಗೆ ಒಂದು ಪದ ಬದಲಾದರೆ ಸಾಕು, ಊಟದ ನಂತರ ಆಗುತ್ತದೆ. ಕನ್ನಡಕ್ಕೆ "ಊಟಕ್ಕೆ" ಹೋಗಿ "ಊಟದ" ಆಗಬೇಕು, ವಿಭಕ್ತಿಯೇ ಬದಲು. ಅದಕ್ಕಿಂತ ದೊಡ್ಡ ಮಾತು, ಅಲ್ಲಿ ಕಣ್ಣು ತಪ್ಪಿದರೆ ರೋಗಿ ಔಷಧಿಯನ್ನೇ ತಪ್ಪು ಹೊತ್ತಿಗೆ ನುಂಗುತ್ತಾರೆ. ಬಹುಪಾಲು ಹೋಲುವ ವಾಕ್ಯಗಳನ್ನೇ ನಾನು ಎಲ್ಲಕ್ಕಿಂತ ನಿಧಾನವಾಗಿ ಓದುವುದು.

ಹೊಸಬರಿಗೆ ನನ್ನ ಒಂದು ಮಾತು. ಆ ಪಟ್ಟಿ ಮುಂದೆ ಹೋಗಲಿ ಅಂತ ಸುಲಭದ ಸಾಲುಗಳನ್ನು ಮೊದಲು ಮುಗಿಸಬೇಡಿ. ನಾನೂ ಹಾಗೇ ಮಾಡುತ್ತಿದ್ದೆ. ದಣಿದ ತಲೆಗೆ, ರಾತ್ರಿಗೆ, ಕಷ್ಟದ ಸಾಲುಗಳೇ ಉಳಿಯುತ್ತಿದ್ದವು.

ಈ ವಾರ ಅದೇ ಏಜೆನ್ಸಿಯಿಂದ ಇನ್ನೊಂದು ಒಪ್ಪಿಗೆ ಪತ್ರ ಬಂತು. ಈ ಸಲ ಉದ್ದದ ಸಾಲುಗಳಿಂದಲೇ ಶುರು ಮಾಡಿದೆ. ಮೊದಲ ದಿನದ ಸಾಯಂಕಾಲ ಪಟ್ಟಿ 6 ಪರ್ಸೆಂಟಿನಲ್ಲಿ ನಿಂತಿತ್ತು. ಅವರು ಕೇಳುವ ಮುಂಚೆಯೇ ನಾನು ಮೆಸೇಜ್ ಹಾಕಿದೆ: ಆಗಿರುವ ಪದ ಇಷ್ಟು, ಉಳಿದ ಪದ ಇಷ್ಟು, ಇನ್ನೊಮ್ಮೆ ಓದಬೇಕಾದ ಸಾಲು ಇಷ್ಟು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಮೇಡಂ, ಇನ್ನೊಮ್ಮೆ ಓದೋದಕ್ಕೆ ಒಂದು ದಿನ ಜಾಸ್ತಿ ಕೇಳಲಾ ಕ್ಲೈಂಟ್ ಹತ್ರ?"

ಕೇಳಿ ಅಂದೆ.