ಎಲ್ಲಾ ಹೊಟ್ಟೆನೋವೂ ಗ್ಯಾಸ್ ಅಲ್ಲ

ಸಿಂಧನೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ತುರ್ವಿಹಾಳ ಕಡೆಯ ಹೆಣ್ಣುಮಗಳೊಬ್ಬರು ಬಂದರು. ಕೈಯಲ್ಲಿ ಗಂಡನ ಎಂಡೋಸ್ಕೋಪಿ ರಿಪೋರ್ಟು, ಡಾಕ್ಟರ ಚೀಟಿ. ಹೊಟ್ಟೆಯಲ್ಲಿ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದೆ ಅಂತ ಬರೆದಿತ್ತು. ನಾನು ಔಷಧ ಎತ್ತಿಡುತ್ತಿದ್ದೆ. ಅವರು ಸಣ್ಣ ದನಿಯಲ್ಲಿ ಕೇಳಿದರು, "ಅಣ್ಣಾರ, ಈ ಹುಳ ಇದ್ರ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರ್ತೈತಂತ, ಖರೇನಾ?" ಯಾರೋ ಫೋನಿಗೆ ವಿಡಿಯೋ ಕಳಿಸಿದ್ದರಂತೆ. ಎರಡು ರಾತ್ರಿ ನಿದ್ದೆ ಇಲ್ಲ. ಗಂಡನಿಗೆ ಹೇಳೋ ಧೈರ್ಯವೂ ಇಲ್ಲ.

ಆ ಕ್ಯಾನ್ಸರಿನ ಹೆಸರು ಕೇಳಿದ ಕೂಡಲೇ ನನ್ನ ಕೈ ನಿಂತುಬಿಟ್ಟಿತು. ನಮ್ಮ ಸೋದರಮಾವ ಹೋಗಿದ್ದು ಅದರಿಂದಲೇ. ಅದಕ್ಕೇ ಈ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಈ ಬ್ಯಾಕ್ಟೀರಿಯಾ ಬಗ್ಗೆ. ಹೊಟ್ಟೆಯ ಆಸಿಡ್‌ನಲ್ಲಿ ಯಾವ ಕ್ರಿಮಿಯೂ ಬದುಕಲ್ಲ ಅಂತ ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. ಅಲ್ಸರ್ ಬಂದರೆ ಚಿಂತೆ ಜಾಸ್ತಿ, ಖಾರ ಜಾಸ್ತಿ ಅಂತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಿದರು. ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾನೇ ಕುಡಿದ. ಕೆಲವೇ ದಿನಕ್ಕೆ ವಾಂತಿ, ಹೊಟ್ಟೆಯ ಒಳಪದರಕ್ಕೆ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕ್ರಿಮಿ ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಆಸಿಡ್‌ನ ಬಿರುಸು ತಗ್ಗಿಸುತ್ತದೆ. ಹಾಗೆ ಉಳಿದುಕೊಳ್ಳುತ್ತದೆ, ಎಷ್ಟೋ ಸಲ ಜೀವನಪೂರ್ತಿ.

ನಮ್ಮಲ್ಲಿ ಇದು ಚಿಕ್ಕಂದಿನಲ್ಲೇ ಹತ್ತುತ್ತದೆ. ಮನೆಯವರ ಬಾಯಿಂದ, ಕೈಯಿಂದ, ಕೆಟ್ಟ ನೀರಿನಿಂದ. ಭಾರತದ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿ ಇದು ಇದೆ. ಇದನ್ನು ಓದುತ್ತಿರುವ ನಿಮ್ಮ ಹೊಟ್ಟೆಯಲ್ಲೂ ಇರಬಹುದು, ನನ್ನದರಲ್ಲೂ. ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಅಲ್ಸರ್ ಆಗುತ್ತದೆ. ಅದಕ್ಕಿಂತ ಕಡಿಮೆ ಜನರಿಗೆ ಜಠರದ ಕ್ಯಾನ್ಸರ್ ಬರುತ್ತದೆ. ಜಠರದ ಕ್ಯಾನ್ಸರಿಗೆ ಇದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಹೇಳಿದೆ. ಅದರಲ್ಲಿ ಅನುಮಾನವಿಲ್ಲ.

ಆದರೆ ಆ ತಂಗಿ ಕೇಳಿದ್ದು ಪ್ಯಾಂಕ್ರಿಯಾಸ್ ಬಗ್ಗೆ, ಅಂದರೆ ಮೇದೋಜ್ಜೀರಕ ಗ್ರಂಥಿ. ಅದು ಜಠರದ ಹಿಂದೆ, ಬೆನ್ನಿನ ಕಡೆ ಅಡಗಿ ಕೂತಿರುವ ಬೇರೆಯೇ ಅಂಗ. ವಿಡಿಯೋದವರು ಪೂರ್ತಿ ಸುಳ್ಳು ಹೇಳಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರ ರಕ್ತ ಪರೀಕ್ಷೆ ಮಾಡಿ, ವರ್ಷಗಟ್ಟಲೆ ಕಾದು ನೋಡಿದ ಒಂದು ಅಧ್ಯಯನ 2001ರಲ್ಲಿ ಬಂತು. ಈ ಬ್ಯಾಕ್ಟೀರಿಯಾದ ಕ್ಯಾಗ್-ಎ ಅನ್ನೋ ಗುಣವಿರುವ ಜಾತಿ ತಗುಲಿದ್ದವರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತ್ತು. ಆಮೇಲೆ 2010ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಿಂದ ಇನ್ನೊಂದು ಬಂತು. ಅದು ಹೇಳಿದ್ದು ಇದರ ತಿರುವುಮುರುವು. ಕ್ಯಾಗ್-ಎ ಇಲ್ಲದ ಜಾತಿಯಿಂದ ಅಪಾಯ, ಅದೂ ಓ ಗುಂಪಿನ ರಕ್ತ ಇಲ್ಲದವರಿಗೆ ಅಂತ. ಬೇರೆ ಕಡೆಯ ದೊಡ್ಡ ಅಧ್ಯಯನಗಳು ನೋಡಿದಾಗ ಸಂಬಂಧವೇ ಕಾಣಲಿಲ್ಲ. ಒಬ್ಬ ಸಾಕ್ಷಿ ಅಣ್ಣನ ಕಡೆ ಬೆರಳು ಮಾಡುತ್ತಾನೆ, ಇನ್ನೊಬ್ಬ ತಮ್ಮನ ಕಡೆ, ಮೂರನೆಯವನು ಯಾರನ್ನೂ ನೋಡೇ ಇಲ್ಲ ಅಂತಾನೆ. ಇಂಥ ಸಾಕ್ಷಿ ನಂಬಿ ಯಾವ ಪಂಚಾಯ್ತಿಯಾದರೂ ತೀರ್ಪು ಕೊಡುತ್ತದಾ?

ವಿಜ್ಞಾನಿಗಳು ಇದನ್ನು ಯಾಕೆ ಹುಡುಕುತ್ತಾರೆ ಅನ್ನೋದಕ್ಕೆ ಅರ್ಥವಿದೆ. ಜಠರದಲ್ಲಿ ಆಸಿಡ್ ಏರಿದರೆ ಅದನ್ನು ತಣಿಸೋಕೆ ಪ್ಯಾಂಕ್ರಿಯಾಸ್ ಜಾಸ್ತಿ ಕ್ಷಾರ ರಸ ಬಿಡಬೇಕು. ವರ್ಷಗಟ್ಟಲೆ ಹೀಗೆ ದುಡಿದರೆ ಅದರ ನಾಳದ ಜೀವಕೋಶಗಳು ಕೆಡಬಹುದು ಅನ್ನೋದು ಒಂದು ಊಹೆ. ಹುಡುಕಲಿ, ಹುಡುಕಬೇಕು. ಆದರೆ ಲ್ಯಾಬಿನ ಊಹೆಯನ್ನು ತಂದು ಹಳ್ಳಿಯ ಹೆಣ್ಣುಮಗಳ ನಿದ್ದೆ ಕೆಡಿಸೋದು ಅನ್ಯಾಯ. ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ಇಷ್ಟೊಂದು ಜನಕ್ಕೆ ಇದ್ದರೂ, ಅಮೆರಿಕ ಯುರೋಪಿಗೆ ಹೋಲಿಸಿದರೆ ಇಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬಹಳ ಕಡಿಮೆ.

ಈಗ ನಮ್ಮ ಮಾವನ ವಿಷಯ. ನೆಲ್ಲಿನ ಗದ್ದೆ ಮಾಡಿಕೊಂಡಿದ್ದವರು. ಗಟ್ಟಿ ಮನುಷ್ಯ. 58ನೇ ವಯಸ್ಸಿನಲ್ಲಿ ಶುಗರ್ ಬಂತು. ಮನೆತನದಲ್ಲಿ ಯಾರಿಗೂ ಇರಲಿಲ್ಲ. ತೂಕ ಇಳಿಯಿತು. ಶುಗರ್ ಅಲ್ವಾ, ಇಳಿಯುತ್ತದೆ ಅಂದುಕೊಂಡೆವು. ಆಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಬೆನ್ನಿಗೆ ಹೋಗುತ್ತಿತ್ತು. ರಾತ್ರಿ ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ ಅನ್ನುತ್ತಿದ್ದರು.

ಅಂಗಡಿಗೆ ಬಂದು "ಏನಿಲ್ಲೋ ತಮ್ಮಾ, ಗ್ಯಾಸ್ ಆಗೈತಿ. ಗುಳಿಗಿ ಕೊಡು" ಅಂದರು. ಕೊಟ್ಟೆ. ಹತ್ತು ಗುಳಿಗೆಯ ಪಟ್ಟಿ. ಮುಗಿದ ಮೇಲೆ ಮತ್ತೆ ಬಂದರು, ಮತ್ತೆ ಕೊಟ್ಟೆ. ಹೀಗೆ ಐದು ತಿಂಗಳು. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಗುಳಿಗೆ ಅದು. ನನಗೆ ಗೊತ್ತಿತ್ತು. ನಮ್ಮ ಮಾವ ಅಂತ ಕೊಟ್ಟೆ. ಆ ಐದು ತಿಂಗಳು ಈಗಲೂ ನನ್ನ ಎದೆಯ ಮೇಲೆ ಕೂತಿದೆ.

ಒಂದು ದಿನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ. ಮೂತ್ರ ಚಹಾದ ಬಣ್ಣ, ಮಲ ಸುಣ್ಣದ ಹಾಗೆ ಬಿಳಿಚಿತ್ತು. ಅತ್ತೆ "ಕಾಮಣಿ ಆಗೈತಿ" ಅಂತ ನಾಟಿ ಔಷಧ ಕೊಡಿಸಲು ಕರೆದುಕೊಂಡು ಹೋದರು. ಪಥ್ಯ ಮಾಡಿಸಿದರು. ಮೂರು ವಾರ ಅಲ್ಲಿ ಹೋಯಿತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್‌ನ ತಲೆಯ ಭಾಗದಲ್ಲಿ ಗಡ್ಡೆ. ಅದು ಪಿತ್ತನಾಳವನ್ನು ಒತ್ತಿ ಹಿಡಿದಿತ್ತು, ಅದಕ್ಕೇ ಕಾಮಾಲೆ. ಲಿವರಿಗೂ ಹರಡಿತ್ತು. ಆಪರೇಷನ್ ಆಗುವುದಿಲ್ಲ ಅಂದರು. ಸುಗ್ಗಿ ಮುಗಿಯುವ ಮುಂಚೆಯೇ ಹೋಗಿಬಿಟ್ಟರು.

ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರಾ? ಅದು ಕೆಟ್ಟ ಕಾಯಿಲೆ. ಅಮೆರಿಕದಂಥ ದೇಶದಲ್ಲೇ ಐದು ವರ್ಷ ದಾಟುವವರು ನೂರಕ್ಕೆ ಹದಿಮೂರು ಜನ ಅಷ್ಟೇ. ಆದರೆ ಹರಡುವ ಮುಂಚೆ ಸಿಕ್ಕವರಿಗೆ ಮಾತ್ರ ಆಪರೇಷನ್ನಿನ ಒಂದು ಅವಕಾಶ ಇರುತ್ತದೆ. ಆ ಅವಕಾಶ ನಮ್ಮ ಮಾವನಿಗೆ ಸಿಗಲಿಲ್ಲ. ಅದಕ್ಕೆ ಅಡ್ಡ ಬಂದದ್ದು "ಗ್ಯಾಸ್" ಅನ್ನೋ ಒಂದು ಮಾತು.

ನಮ್ಮ ಕಡೆ ಈ ಮಾತಿಗೆ ಹೊಟ್ಟೆ ಬಹಳ ದೊಡ್ಡದು. ಎದೆ ಉರಿದರೆ ಗ್ಯಾಸ್. ಎದೆ ಹಿಡಿದರೂ ಗ್ಯಾಸ್, ಹಾರ್ಟ್ ಅಟ್ಯಾಕ್ ಆಗುತ್ತಿರುವವರೂ ಸೋಡಾ ಕುಡಿದು ಮಲಗುತ್ತಾರೆ. ಅಲ್ಸರ್, ಪಿತ್ತಕೋಶದ ಕಲ್ಲು, ಈ ಎಚ್ ಪೈಲೋರಿ, ಎಲ್ಲಾ ಗ್ಯಾಸ್. ಮಿರ್ಚಿ ತಿಂದಿದ್ದಕ್ಕೆ ಆಯಿತು ಅಂತ ಒಂದು ಕಾರಣವೂ ಸಿದ್ಧ ಇರುತ್ತದೆ. ಮಂಡಕ್ಕಿ ಒಗ್ಗರಣಿ ಜೊತೆ ಮಿರ್ಚಿ ತಿಂದು ಒಂದು ದಿನ ಉರಿದರೆ ಅದು ಬೇರೆ. ಎರಡು ವಾರ ಗುಳಿಗೆ ತಿಂದ ಮೇಲೂ ನೋವು ಹೋಗಿಲ್ಲ ಅಂದರೆ, ತೂಕ ಇಳಿಯುತ್ತಿದೆ ಅಂದರೆ, ಮಲ ಕಪ್ಪಗಿದೆ ಅಂದರೆ, ಕಣ್ಣು ಹಳದಿ ಅಂದರೆ, ದಯವಿಟ್ಟು ನನ್ನ ಅಂಗಡಿಗೆ ಬರಬೇಡಿ. ಡಾಕ್ಟರ ಹತ್ತಿರ ಹೋಗಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದು, ಜೊತೆಗೆ ತೂಕವೂ ಇಳಿದರೆ ಅದನ್ನೂ ಹೇಳಿ. ಐವತ್ತರ ಮೇಲೆ ಹೊಸದಾಗಿ ಶುಗರ್ ಬಂದವರೆಲ್ಲರನ್ನೂ ಲೆಕ್ಕ ಹಾಕಿದರೆ, ಮೂರು ವರ್ಷದೊಳಗೆ ಸುಮಾರು ನೂರಕ್ಕೆ ಒಬ್ಬರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸಿಗುತ್ತದೆ. ಉಳಿದವರಿಗೆ ಅದು ಬರೀ ಶುಗರ್. ಗಾಬರಿ ಬೇಡ, ಕೇಳುವುದು ಮಾತ್ರ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮಾವ ನಲವತ್ತು ವರ್ಷ ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗಿಟ್ಟವರು, ಬೀಡಿ ಬೇರೆ. ಸೇದುವವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಪಾಯ ಸೇದದವರಿಗಿಂತ ಸುಮಾರು ಎರಡು ಪಟ್ಟು. ಅಗಿಯುವ ತಂಬಾಕಿನಿಂದಲೂ ಈ ಕ್ಯಾನ್ಸರ್ ಬರುತ್ತದೆ ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆಯ ವಿಭಾಗ 2007ರಲ್ಲಿ ಹೇಳಿದೆ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಅಂತ ಎಲ್ಲರಿಗೂ ಗೊತ್ತು. ಹೊಟ್ಟೆಯ ಹಿಂದಿನ ಗ್ರಂಥಿಗೂ ಅದರ ವಿಷ ಮುಟ್ಟುತ್ತದೆ ಅಂತ ಯಾರೂ ವಿಡಿಯೋ ಮಾಡಿ ಕಳಿಸುವುದಿಲ್ಲ. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ತೂಗುತ್ತಿರುತ್ತದೆ, ಶಾಲೆಗೆ ಹೋಗುವ ಹುಡುಗರು ಕೊಂಡು ಹೋಗುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಎಚ್ ಪೈಲೋರಿ ಬಂದರೆ ಸುಮ್ನೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿದೆ, ಡಾಕ್ಟರು ಔಷಧ ಬರೆದಿದ್ದಾರೆ ಅಂದರೆ ತಗೊಳ್ಳಲೇಬೇಕು. ಜಠರಕ್ಕಾಗಿ. ಸಾಮಾನ್ಯವಾಗಿ 14 ದಿನ. ಆಸಿಡ್ ತಗ್ಗಿಸುವ ಗುಳಿಗೆ, ಜೊತೆಗೆ ಎರಡು ಥರದ ಆಂಟಿಬಯೋಟಿಕ್. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ, ಕೆಲವರಿಗೆ ಭೇದಿ. ಐದನೇ ದಿನಕ್ಕೆ ಉರಿ ಕಡಿಮೆಯಾಗುತ್ತದೆ, ಜನ ಬಿಟ್ಟುಬಿಡುತ್ತಾರೆ. ಉಳಿದ ಗುಳಿಗೆ ವಾಪಸ್ ತಗೊಳ್ಳಿ ಅಂತ ನನ್ನ ಹತ್ತಿರವೇ ತರುತ್ತಾರೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಆಮೇಲೆ ಆ ಔಷಧಕ್ಕೆ ಬಗ್ಗದೇ ಹೋಗಬಹುದು. ನಮ್ಮ ದೇಶದಲ್ಲಿ ಈಗಾಗಲೇ ಇದರ ಕೆಲವು ಔಷಧಗಳು ಬಹಳ ಜನರಿಗೆ ಹತ್ತುತ್ತಿಲ್ಲ.

ಅವತ್ತು ಆ ತಂಗಿಗೆ ಇಷ್ಟನ್ನೂ ಹೇಳಲಿಲ್ಲ. ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, "ತಂಗೀ, ಇದು ವಾಸಿ ಆಗೋ ರೋಗ. ಗುಳಿಗಿ ಒಂದೂ ಬಿಡಂಗಿಲ್ಲ, ಅಷ್ಟ. ನಿಮ್ಮ ಯಜಮಾನರು ತಂಬಾಕು ತಿಂತಾರೇನು?" ಅಂದೆ. ತಲೆ ಆಡಿಸಿದರು. "ಅದನ್ನ ಬಿಡಿಸ್ರಿ" ಅಂದೆ.

ಮೊನ್ನೆ ಗಂಡನೇ ಬಂದಿದ್ದರು. 14 ದಿನ ಮುಗಿಸಿದ್ದಾರೆ. ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಕಟ್ಟಿಕೊಂಡು ತೋರಿಸಲು ತಂದಿದ್ದರು. ಕ್ರಿಮಿ ಪೂರ್ತಿ ಹೋಗಿದೆಯಾ ಅಂತ ಔಷಧ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಎರಡು ವಾರ ಮುಂಚಿನಿಂದ ಗ್ಯಾಸ್ ಗುಳಿಗೆ ಮುಟ್ಟಬಾರದು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಇಲ್ಲ ಅಂತ ತೋರಿಸಬಹುದು ಅಂತ ಹೇಳಿದೆ. ಪರೀಕ್ಷೆಯ ತಾರೀಖನ್ನು ಔಷಧದ ಕವರಿನ ಮೇಲೆ ದೊಡ್ಡದಾಗಿ ಬರೆದು ಕೊಟ್ಟೆ. ತಂಬಾಕಿನ ಬಗ್ಗೆ ಕೇಳಿದೆ. "ನಾಲ್ಕು ದಿನ ಆತ್ರಿ ಬಿಟ್ಟು" ಅಂದರು. ಜೇಬು ತೆಗೆದು ತೋರಿಸಿದರು, ಅದರಲ್ಲಿ ಸೋಂಪು ಇತ್ತು.