ಬಿಡಿ ವರದಿಗಾರರು ಯಾರ ನೌಕರರು?

ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ಮಳೆಯಲ್ಲೇ ಸ್ವಂತ ಬೈಕಿನಲ್ಲಿ ಹೋಗಿ, ಸ್ವಂತ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವ ತೀರ್ಥಹಳ್ಳಿ ಕಡೆಯ ಬಿಡಿ ವರದಿಗಾರ ಪತ್ರಿಕೆಯ ಲೆಕ್ಕದಲ್ಲಿ ನೌಕರನಲ್ಲ. ಅಚ್ಚಾದಷ್ಟು ಸುದ್ದಿಗೆ ಸಂಭಾವನೆ. ಜಾರಿ ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆಯ ಖರ್ಚು ಅವನದೇ. ಆದರೆ ಯಾವ ಊರಿಗೆ ಹೋಗಬೇಕು, ಎಷ್ಟು ಗಂಟೆಯೊಳಗೆ ಸುದ್ದಿ ತಲುಪಬೇಕು, ಬೇರೆ ಪತ್ರಿಕೆಗೆ ಬರೆಯಬಹುದೇ ಎಂಬುದನ್ನೆಲ್ಲ ನಿರ್ಧರಿಸುವುದು ಡೆಸ್ಕ್, ಅಂದರೆ ಪತ್ರಿಕೆಯ ಸಂಪಾದಕೀಯ ವಿಭಾಗ. ಸಾಗರದಲ್ಲಿ ಕೂತು ಅನುವಾದ ಮಾಡಿ ಬದುಕುವ ನನ್ನಂಥವರ ಸ್ಥಿತಿ ಇದಕ್ಕಿಂತ ವಾಸಿ, ಒಬ್ಬ ಪ್ರಕಾಶಕರು ಸತಾಯಿಸಿದರೆ ಇನ್ನೊಬ್ಬರನ್ನು ಕೇಳಬಹುದು. ಆದರೂ ಲೆಕ್ಕಪತ್ರದಲ್ಲಿ ನಾವಿಬ್ಬರೂ ಒಂದೇ: ವೃತ್ತಿಪರ ಸೇವೆ ಒದಗಿಸುವ ಸ್ವತಂತ್ರರು.

ಮನೆಯಲ್ಲಿ ಕೂತು ತುಂಡು ಲೆಕ್ಕದಲ್ಲಿ ದುಡಿಯುವವರು ನೌಕರರಾಗಲಾರರು ಎಂಬ ವಾದವನ್ನು ನಮ್ಮ ಕಾನೂನು ಎಂದೋ ದಾಟಿ ಬಂದಿದೆ. ಎಲೆ, ತಂಬಾಕು ಪಡೆದು ಮನೆಯಲ್ಲೇ ಬೀಡಿ ಕಟ್ಟುವವರನ್ನು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ನೌಕರರ ವ್ಯಾಖ್ಯೆಯೊಳಗೆ ತಂದಿತು. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತುಂಡು ಲೆಕ್ಕಕ್ಕೆ ಹೊಲಿಯುವ, ಹೊತ್ತುಗೊತ್ತಿನ ಕಟ್ಟುಪಾಡಿಲ್ಲದ ದರ್ಜಿಗಳನ್ನು ಅಂಗಡಿಯ ನೌಕರರೆಂದೇ ಹೇಳಿತು. ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಮಾಲೀಕನಿಗಿದ್ದರೆ ಅದೂ ನಿಯಂತ್ರಣವೇ ಎಂಬುದು ಅಲ್ಲಿನ ಒಂದು ಮುಖ್ಯ ಮಾತು. ಬರಹವನ್ನು ವಾಪಸು ಕಳಿಸಿ ಮತ್ತೆ ಬರೆಸುವ ಸಂಪಾದಕರಿಗೆ ಇದು ಏಕೆ ಅನ್ವಯಿಸಬಾರದು?

ಪತ್ರಕರ್ತರಿಗಾಗಿಯೇ 1955ರಲ್ಲಿ ಬಂದ ಕಾಯ್ದೆ ಅರೆಕಾಲಿಕರನ್ನೂ, ಒಂದಕ್ಕಿಂತ ಹೆಚ್ಚು ಪತ್ರಿಕೆಗಳಿಗೆ ದುಡಿಯುವವರನ್ನೂ, ವ್ಯಂಗ್ಯಚಿತ್ರಕಾರರನ್ನೂ ಒಳಗೊಂಡಿತ್ತು. ಷರತ್ತು ಇಷ್ಟೇ, ಪತ್ರಿಕೋದ್ಯಮವೇ ಅವರ ಮುಖ್ಯ ವೃತ್ತಿಯಾಗಿರಬೇಕು, ಅವರು ನೇಮಕಗೊಂಡಿರಬೇಕು. ನೇಮಕಾತಿ ಪತ್ರವನ್ನೇ ಕೊಡದಿದ್ದರೆ ತಕರಾರೇ ಏಳುವುದಿಲ್ಲ ಎಂಬುದನ್ನು ಪತ್ರಿಕೆಗಳು ಬೇಗ ಕಲಿತವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಗಿಗ್ ಕಾರ್ಮಿಕರನ್ನು, ಅಂದರೆ ಮಾಮೂಲಿ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವರನ್ನು ಗುರುತಿಸಿವೆ, ಕಂಟೆಂಟ್ ಮತ್ತು ಮೀಡಿಯಾ ಸೇವೆಯೂ ಪಟ್ಟಿಯಲ್ಲಿದೆ. ಆದರೆ ಅವರ ಸಾಮಾಜಿಕ ಭದ್ರತೆಗೆ ವಂತಿಗೆ ಕಟ್ಟಬೇಕಾದದ್ದು, ಸೇವೆ ಕೊಡುವವರನ್ನೂ ಕೊಳ್ಳುವವರನ್ನೂ ಬೆಸೆಯುವ ಡಿಜಿಟಲ್ ಮಧ್ಯವರ್ತಿಗಳು. ನೇರವಾಗಿ ಬರೆಸಿಕೊಳ್ಳುವ ವಾರಪತ್ರಿಕೆ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗೆಂದು ಎಲ್ಲ ಬರಹಗಾರರನ್ನೂ ನೌಕರರನ್ನಾಗಿಸಿ ಎಂದು ನಾನು ಕೇಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 2019ರ ಕಾನೂನಿನಲ್ಲಿ ಸ್ವತಂತ್ರ ಬರಹಗಾರರಿಗೆ ಒಂದೇ ಸಂಸ್ಥೆಗೆ ವರ್ಷಕ್ಕೆ 35 ಬರಹಗಳ ಮಿತಿ ಹಾಕಿತ್ತು, ಅದನ್ನು ದಾಟಿದರೆ ಅವರನ್ನು ನೌಕರರೆಂದು ಪರಿಗಣಿಸುವ ಸಾಧ್ಯತೆಯಿತ್ತು. ಕೆಲವು ಸಂಸ್ಥೆಗಳು ಆ ರಾಜ್ಯದ ಬರಹಗಾರರ ಸಹವಾಸವನ್ನೇ ಬಿಟ್ಟವು, ಮರುವರ್ಷ ಮಿತಿಯನ್ನು ತೆಗೆಯಬೇಕಾಯಿತು. ಎಣಿಕೆಗಿಂತ ಅವಲಂಬನೆಯನ್ನು ನೋಡುವುದು ಸರಿ. ಆದಾಯದ ಬಹುಪಾಲು ಒಂದೇ ಪತ್ರಿಕೆಯಿಂದ ಬರುವ, ಅದರ ಆಜ್ಞೆಯಂತೆ ಓಡಾಡುವ ವರದಿಗಾರನಿಗೆ ದರ್ಜಿಗಳಿಗೆ ಹಿಡಿದ ಅಳತೆಯನ್ನೇ ಹಿಡಿಯಬೇಕು. ನನ್ನಂಥವರಿಗೆ ಲಿಖಿತ ಕರಾರು, ಹಣ ಪಾವತಿಗೊಂದು ಗಡುವು ಸಿಕ್ಕರೆ ಸಾಕು.

ಕರಾರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಸ್ವತಂತ್ರ ಬರಹಗಾರನ ಬರಹದ ಮೊದಲ ಹಕ್ಕುದಾರ ಅವನೇ. ನೌಕರ ಬರೆದದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕನಿಗೆ ಹೋಗುತ್ತದೆ. ಭವಿಷ್ಯನಿಧಿಯ ಪ್ರಶ್ನೆ ಎದ್ದಾಗ ನಮ್ಮನ್ನು ಸ್ವತಂತ್ರರೆನ್ನುವವರು, ಹಕ್ಕಿನ ವಿಷಯದಲ್ಲಿ ಮಾತ್ರ ಒಂದು ಸಾಲಿನ ಇಮೇಲಿನಲ್ಲಿ ಎಲ್ಲವನ್ನೂ ಶಾಶ್ವತವಾಗಿ ಬರೆಸಿಕೊಳ್ಳುತ್ತಾರೆ. ಶಿವಮೊಗ್ಗದ ಪತ್ರಕರ್ತರ ಸಭೆಗಳಲ್ಲಿ ನಿವೇಶನದ, ಬಸ್ ಪಾಸಿನ ಮನವಿಗಳ ಜೊತೆಗೆ ಈ ಎರಡು ನಾಲಿಗೆಯ ಬಗ್ಗೆಯೂ ಒಂದು ನಿರ್ಣಯ ಮಂಡನೆಯಾಗಲಿ.