ಲಿಪ್ ಅಂದ್ರ ಬರೇ ತುಟಿ ಅಲ್ಲ

ಪುಣೆಯ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಹುಬ್ಬಳ್ಳಿ-ಧಾರವಾಡದವರ ಮಕ್ಕಳಿಗೆ ಲಿಪ್ ಅಂದರೆ ತುಟಿ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಮುಂದಿನ ತರಗತಿಯಲ್ಲಿ ಜಗ್ಗಿನ ಲಿಪ್, ಲಿಪ್ ಸರ್ವಿಸ್, ಸ್ಟಿಫ್ ಅಪ್ಪರ್ ಲಿಪ್ ಬರುತ್ತವೆ. ಅಲ್ಲಿ ಆ ಅರ್ಥ ಕೈಕೊಡುತ್ತದೆ. ಇಂಗ್ಲಿಷಿನವರು ತುಟಿಯ ಮೇಲೆ ಹೊರಿಸಿದ ಕೆಲಸವನ್ನು ನಮ್ಮ ಕಡೆ ಬಾಯಿ, ಕಂಠ, ಅವುಡು ಹಂಚಿಕೊಂಡಿವೆ.

ಹಳೆಯ ಇಂಗ್ಲಿಷಿನಲ್ಲಿ ಇದು ಲಿಪ್ಪ. ಜರ್ಮನ್ನರ ಲಿಪ್ಪೆ, ಲ್ಯಾಟಿನ್ನಿನ ಲಾಬಿಯುಮ್, ಫಾರಸಿಯ ಲಬ್ ಇದರ ಬಳಗವೇ. ನಮ್ಮ ತುಟಿಗೂ ಇವಕ್ಕೂ ನಂಟಿಲ್ಲ. ಮರಾಠಿಯ ಓಠ್ ಸಂಸ್ಕೃತದ ಓಷ್ಠದಿಂದ ಬಂದದ್ದು, ಅದರ ದಾರಿಯೂ ಬೇರೆ.

ಪಾತ್ರೆಯ ಅಂಚಿಗೆ ಲಿಪ್ ಅನ್ನುವುದು 16ನೇ ಶತಮಾನದ ಕೊನೆಗೆ ಕಾಣಿಸಿಕೊಂಡ ಬಳಕೆ. ಜಗ್ಗಿನ ಅಂಚನ್ನು ತೆಳ್ಳಗೆ ಮಾಡಿ ಹೊರಗೆ ಬಾಗಿಸಿರುತ್ತಾರಲ್ಲ, ಆ ಭಾಗ. ಅಂಚು ದಪ್ಪಗೆ, ದುಂಡಗೆ ಇದ್ದರೆ ನಿಧಾನವಾಗಿ ಸುರಿಯುವಾಗ ಹಾಲು ಅಂಚಿಗೇ ಅಂಟಿ ಹೊರಮೈ ಗುಂಟ ಇಳಿದು ಅಡಿಗೆಮನೆಯ ಕಟ್ಟಿ ಒದ್ದೆಯಾಗುತ್ತದೆ. ತೆಳು ಅಂಚಿನಲ್ಲಿ ಧಾರೆ ಕಡಿದು ಬೀಳುತ್ತದೆ. ಇಲ್ಲಿ ತುಟಿ ಅನ್ನಬೇಡಿ, ಅಂಚು ಸಾಕು. ತುಂಬುವ ಮಾತು ಬಂದರಂತೂ ಒಬ್ಬೊಬ್ಬರದು ಒಂದೊಂದು ಅಳತೆ. ಉರ್ದು-ಹಿಂದಿಯವರು ಲಬಾಲಬ್ ಅಂತಾರೆ, ಅಂದರೆ ತುಟಿಯಿಂದ ತುಟಿಗೆ. ಪುಣೆಯವರದು ಕಾಠೋಕಾಠ್, ದಂಡೆಯಿಂದ ದಂಡೆಗೆ. ಹುಬ್ಬಳ್ಳಿಯಲ್ಲಿ ನಳ ಬಂದ ದಿನ ಕೇಳುವುದು ‘ಕೊಡ ಕಂಠಮಟ ತುಂಬ್ಸವಾ’ ಅಂತ. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ಅಂಚಿನ ತನಕ ತುಂಬಿದ ಕೊಡ ಟೊಂಕಕ್ಕೇರಿದ ಕೂಡಲೇ ತುಳುಕಿ ಸೀರೆ ತೋಯಿಸುತ್ತದೆ. ಕಂಠಕ್ಕೆ ನಿಲ್ಲಿಸಿದರೆ ನೀರು ಮನೆ ಮುಟ್ಟುತ್ತದೆ.

1821ರ ಹೊತ್ತಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ಲಿಪ್ ಅಂದರೆ ಉದ್ಧಟತನದ ಮಾತು ಅಂತಲೂ ಆಗಿತ್ತು. ಅದಕ್ಕೆ ನಮ್ಮಲ್ಲಿ ‘ಬಾಯಿಗೆ ಬಾಯಿ ಕೊಡಬ್ಯಾಡ’ ತಯಾರಿದೆ. ಲಿಪ್ ಸರ್ವಿಸನ್ನು ತುಟಿಸೇವೆ ಎಂದು ಬರೆಯುವವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತದೆ. ಯಾವುದೋ ಸೌಂದರ್ಯ ಮಳಿಗೆಯ ಫಲಕದಂತಿದೆ. ಬಾಯಿಮಾತಿನ ಉಪಚಾರ ಅಂದರೆ ಮುಗಿಯಿತು. ಸ್ಟಿಫ್ ಅಪ್ಪರ್ ಲಿಪ್ ಈಗ ಬ್ರಿಟಿಷರ ಗುರುತಾದರೂ ಅಚ್ಚಿನಲ್ಲಿ ಮೊದಲು ಸಿಗುವುದು 19ನೇ ಶತಮಾನದ ಆರಂಭದ ಅಮೆರಿಕದಲ್ಲಿ. ಅಳು ಬಂದಾಗ ತುಟಿ ನಡುಗುತ್ತದೆ, ಅದನ್ನು ಬಿಗಿಹಿಡಿ ಎನ್ನುವುದು ಅದರ ಹುರುಳು. ನಮ್ಮವರು ಅವುಡುಗಚ್ಚಿ ತಡೆದುಕೊಳ್ಳುತ್ತಾರೆ.

ಸುಮ್ಮನಿರುವ ವಿಷಯದಲ್ಲಿ ಮಾತ್ರ ಎರಡೂ ಕಡೆ ತುಟಿಗೇ ಕೆಲಸ. ತುಟಿ ಪಿಟಕ್ಕೆನ್ನಲಿಲ್ಲ, ತುಟಿ ಬಿಚ್ಚಲಿಲ್ಲ ಎಂಬಲ್ಲಿ ಲಿಪ್ ಸಲೀಸಾಗಿ ಕೂರುತ್ತದೆ.

ಇನ್ನು ಅಪ್ಪರ್ ಲಿಪ್‌ಗೆ ಅಧರ ಎಂದು ಬರೆಸುವ ಚಪಲ ಕೆಲವರಿಗಿದೆ. ಅಧರದ ಮೂಲ ಅರ್ಥವೇ ‘ಕೆಳಗಿನದು’, ಇಂಗ್ಲಿಷಿನ ಅಂಡರ್ ಕೂಡ ಅದೇ ಬೇರಿನದು. ಮೇಲಿನದಕ್ಕೆ ಮೇಲ್ದುಟಿ ಅನ್ನಿ. ಆದೇಶ ಸಂಧಿಯಲ್ಲಿ ತಕಾರ ದಕಾರವಾಗುವುದನ್ನೂ ಮಕ್ಕಳಿಗೆ ಅಲ್ಲೇ ತೋರಿಸಬಹುದು.